ಸಪ್ಪೆಸಾರಿನ ಸಿದ್ದಮ್ಮ

ಮೂವತ್ತು ವರ್ಷ ಕನ್ನಡ ಮೇಷ್ಟರಾಗಿದ್ದವನಿಗೆ ಎಷ್ಟು ಜನ ಅಜ್ಜಿಯರ ಪರಿಚಯವಾಗಿರುತ್ತದೆ ಎನ್ನುವುದು ನಿಮ್ಮ ಊಹೆಗೂ ನಿಲುಕುವುದಿಲ್ಲ. ಚನ್ನಪಟ್ಟಣದ ಹೈಸ್ಕೂಲಿನಲ್ಲಿ ಪ್ರತಿವರ್ಷ ಎಂಟನೇ ತರಗತಿಗೆ ‘ನನ್ನ ಅಜ್ಜಿ’ ಎಂದು ಪ್ರಬಂಧ ಬರೆಯಲು ಕೊಡುತ್ತಿದ್ದೆ. ಮಕ್ಕಳೂ ಪ್ರತಿವರ್ಷ ಅದನ್ನೇ ಬರೆಯುತ್ತಿದ್ದರು: ಅಜ್ಜಿಗೆ ನಾನೆಂದರೆ ಪ್ರಾಣ, ಅಜ್ಜಿ ಕಥೆ ಹೇಳುತ್ತಾರೆ, ಅಜ್ಜಿಗೆ ಹಲ್ಲಿಲ್ಲ. ನಾನು ಕೆಂಪು ಮಸಿಯಲ್ಲಿ ‘ವಿವರ ಸಾಲದು’ ಎಂದು ಗೀಚಿ ಅಂಕ ಕತ್ತರಿಸುತ್ತಿದ್ದೆ. ಆ ಮಕ್ಕಳೆಲ್ಲ ಎಲ್ಲೇ ಇರಲಿ, ನನ್ನನ್ನು ಕ್ಷಮಿಸಬೇಕು. ನನ್ನ ಸ್ವಂತ ಅಜ್ಜಿಗೆ ತಿನ್ನಲು ಏನು ಇಷ್ಟ ಎಂಬ ಒಂದೇ ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟೆ. ನಾನೊಬ್ಬನೇ ಅಲ್ಲ, ಇಡೀ ಮನೆಯೇ ಫೇಲಾಯಿತು.

ಪ್ರಶ್ನೆ ಬಂದದ್ದು ಮಹಾಲಯ ಅಮಾವಾಸ್ಯೆಯ ಎಡೆಯಿಂದ. ಶಾಸ್ತ್ರ ಬಲ್ಲವರು ಹೋದವರಿಗೆಲ್ಲ ಎಳ್ಳು, ನೀರು, ಅನ್ನದ ಉಂಡೆ ಎಂದು ಒಂದೇ ಊಟ ಗೊತ್ತುಮಾಡಿಟ್ಟಿದ್ದಾರೆ. ನಮ್ಮ ಒಕ್ಕಲು ಮಕ್ಕಳಿಗೆ ಅದು ಒಗ್ಗಲಿಲ್ಲ. ಬದುಕಿದ್ದಷ್ಟು ದಿನ ಮುದ್ದೆ, ಕೋಳಿಸಾರು ಎನ್ನುತ್ತಿದ್ದ ಮನುಷ್ಯ ಸತ್ತ ಮಾತ್ರಕ್ಕೆ ಎಳ್ಳುನೀರು ಕುಡಿದು ತೃಪ್ತನಾಗಿ ಹೋಗುತ್ತಾನೆಯೇ? ಹಾಗಾಗಿ ನಮ್ಮಲ್ಲಿ ಅವರವರಿಗೆ ಇಷ್ಟವಾದದ್ದನ್ನು ಬಾಳೆಎಲೆಯಲ್ಲಿ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಬಾಗಿಲು ಹಾಕಿಕೊಂಡು ಹೊರಗೆ ನಿಲ್ಲುತ್ತೇವೆ. ಒಳಗೆ ಅವರು ಬಂದು ಸಾವಕಾಶವಾಗಿ ಉಣ್ಣುತ್ತಾರೆಂದು ನಂಬಿಕೆ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗುವುದು. ನಮ್ಮ ತಾತನದು ಸುಲಭ. ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ, ಒಂದು ಕ್ವಾರ್ಟರ್ ಬಾಟಲಿ. ಬೆಂಕಿಪೊಟ್ಟಣ ಮರೆತ ವರ್ಷ ಅಜ್ಜಿ ಮನೆಯವರನ್ನೆಲ್ಲ ಬೈದಿದ್ದಳು.

ಈಗ ಅಜ್ಜಿಗೇ ಮೊದಲ ಎಡೆ. ಅಮಾವಾಸ್ಯೆಗೆ ಮೂರು ದಿನವಿರುವಾಗ ಕೂಟಗಲ್ ಪಕ್ಕದ ನಮ್ಮ ಹಳ್ಳಿಮನೆಯಲ್ಲಿ ಅಮ್ಮ ಅಪ್ಪನನ್ನು ಕೇಳಿದಳು: “ನಿಮ್ಮವ್ವುನ್ಗೆ ಏನಿಷ್ಟ ಹೇಳಿ. ಎಡೆಗೆ ಮಾಡ್ಬೇಕು.”

“ಅದೇನ್ ಕೇಳ್ತೀಯೆ? ಸಪ್ಪೆಸಾರು,” ಎಂದರು ಅಪ್ಪ. “ಹುಟ್ದಾಗ್ಲಿಂದ ನೋಡಿವ್ನಿ, ಅವ್ವ ಅದನ್ನ ಬುಟ್ರೆ ಬೇರೆ ಕೇಳಿದ್ದೇ ಇಲ್ಲ.”

ನಾನೂ ಮೇಷ್ಟರ ಗತ್ತಿನಲ್ಲಿ ಹೌದೆಂದು ತಲೆಯಾಡಿಸಿದೆ.

ಸಪ್ಪೆಸಾರಿನ ಕಥೆ ಗೊತ್ತಾಗಬೇಕಾದರೆ ರೇಷ್ಮೆಹುಳದ ಕಥೆ ಒಸಿ ಕೇಳಬೇಕು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮದುವೆಯಾಗಿ ಬಂದ ಅಜ್ಜಿ, ಪುಟ್ಟಸಿದ್ದಮ್ಮ, ಆರು ದಶಕಕ್ಕೂ ಮೀರಿ ಹುಳ ಸಾಕಿದಳು. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮವರು ಅದನ್ನು ಜ್ವರ ಎನ್ನುತ್ತಾರೆ. ನಮಗೆ ಜ್ವರ ಬಂದರೆ ಒಂದು ಲೋಟ ಕಷಾಯ ಕುಡಿಸಿ ಸ್ಕೂಲಿಗೆ ಅಟ್ಟುತ್ತಿದ್ದ ಅಜ್ಜಿ, ಹುಳಕ್ಕೆ ಜ್ವರ ಬಂದರೆ ಮನೆಯಲ್ಲಿ ಜೋರಾಗಿ ಸೀನಲೂ ಬಿಡುತ್ತಿರಲಿಲ್ಲ. ಹುಳಕ್ಕೆ ಘಾಟು ಆಗದು. ಊದುಬತ್ತಿ ಇಲ್ಲ, ಪೌಡರ್ ಇಲ್ಲ, ಒಗ್ಗರಣೆ ಇಲ್ಲ. ಊರಿನವರು ಕೊನೆಯ ಎಂಟು ಹತ್ತು ದಿನ ಮಾತ್ರ ಈ ಪಥ್ಯ ಹಿಡಿಯುತ್ತಿದ್ದರು. ನಮ್ಮಲ್ಲಿ ಒಂದು ಬೆಳೆ ಗೂಡಾಗುವಷ್ಟರಲ್ಲಿ ಇನ್ನೊಂದು ಬೆಳೆಯ ಮೊಟ್ಟೆ ಬಂದಿರುತ್ತಿದ್ದರಿಂದ ವರ್ಷವೆಲ್ಲ ಪಥ್ಯವೇ, ಒಗ್ಗರಣೆಯಿಲ್ಲದ ಸಪ್ಪೆಸಾರೇ. ನಾನು ಸಾಸಿವೆ ಸಿಡಿಯುವ ಸದ್ದನ್ನು ನೆಮ್ಮದಿಯಾಗಿ ಕೇಳಿದ್ದು ಹಾಸ್ಟೆಲ್ಲಿಗೆ ಹೋದಮೇಲೆ.

ಮರುದಿನ ಎಡೆಗೆ ಸೀರೆ ತರಲು ರಾಮನಗರಕ್ಕೆ ಹೋದವನು ಜಮೀಲಾಬಿಯವರ ಮನೆಗೂ ಹೋದೆ. ಅವರದು ಗೂಡಿನಿಂದ ನೂಲು ತೆಗೆಯುವ ರೀಲರುಗಳ ಮನೆತನ. ಮಾರ್ಕೆಟ್ಟಿಗೆ ಗೂಡು ತಂದಾಗಲೆಲ್ಲ ಅಜ್ಜಿ ಅವರ ಮನೆಯಲ್ಲಿ ಕೂತು ದಣಿವಾರಿಸಿಕೊಂಡು ಬರುತ್ತಿದ್ದಳು. ನಾನು ಎಡೆಯ ವಿಷಯ ಹೇಳಿದೆ. ಸಪ್ಪೆಸಾರಿನ ವಿಷಯವನ್ನೂ ಹೇಳಿದೆ.

ಜಮೀಲಾಬಿ ಎದೆಯ ಮೇಲೆ ಕೈಯಿಟ್ಟುಕೊಂಡರು. “ಸಪ್ಪೆಸಾರಾ? ಸಿದ್ದಮ್ಮಂಗಾ? ಯಾ ಅಲ್ಲಾ! ಮೇಷ್ಟ್ರೇ, ಸತ್ತೋಗಿರೋರ್ಗೂ ಯಾಕ್ರೀ ಪತ್ಯ ಮಾಡಿಸ್ತೀರಾ?”

ಆಮೇಲೆ ನಕ್ಕರು ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟು. ನಕ್ಕು ಸುಸ್ತಾದಮೇಲೆ ನಿಜ ಹೊರಬಂತು. ಅಜ್ಜಿ ಗೂಡು ಮಾರಿ ಬಂದವಳೇ ಅವರ ಅಡುಗೆಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದಳು. ಇವರು ಓಂಕಾಳು ಹಾಕಿ ಮೆಣಸಿನಕಾಯಿ ಬೋಂಡ ಕರಿಯಬೇಕು. ಆರು ಬೋಂಡ, ಬಾಣಲೆಯಿಂದ ತೆಗೆದದ್ದು ಆರುವ ಮೊದಲೇ. ತಿಂದಾದಮೇಲೆ ನಲ್ಲಿಯ ಕೆಳಗೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಬಾಯಿ ಮುಕ್ಕಳಿಸಿ, ಚೀಲದಲ್ಲಿ ತಂದಿದ್ದ ಬೇರೆ ಸೀರೆ ಉಟ್ಟು ಬಸ್ಸು ಹತ್ತುತ್ತಿದ್ದಳು. ಹುಳಕ್ಕೆ ಘಾಟು ತಾಗಬಾರದಲ್ಲ! “ಮನೇಲಿ ಹೇಳ್ಬ್ಯಾಡ ಕಣಮ್ಮಿ, ನಾನೇ ಕಟ್ಟು ಮುರಿದ್ರೆ ಸೊಸೆ ಒಗ್ಗರಣೆ ಹಾಕ್ಬುಡ್ತಾಳೆ” ಎನ್ನುತ್ತಿದ್ದಳಂತೆ.

ಊರಿಗೆ ಬಂದು ನಗುತ್ತಾ ಇದನ್ನೆಲ್ಲ ಹೇಳಿದೆ. ಅಮ್ಮ ನಕ್ಕಳು. ಅಪ್ಪ ನಗಲಿಲ್ಲ. ಜಗುಲಿಯ ಮೇಲೆ ಟವೆಲ್ಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

“ಒಬ್ನೇ ಮಗ ನಾನು,” ಎಂದರು. “ನಂಗೊಂದ್ ಮಾತು ಹೇಳಿದ್ರೆ ನಾನೇ ತಂದ್ಕೊಡ್ತಿರ್ನಿಲ್ವಾ?”

“ನೀವ್ ಕೇಳಿದ್ರಾ?” ಎಂದಳು ಅಮ್ಮ. ಒರಟಾಗಿ ಅಲ್ಲ, ಸುಮ್ಮನೆ ಕೇಳಿದಳು. ಅಪ್ಪ ಮಡಿಸಿದ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು. ನಾನೂ ಕೇಳಿರಲಿಲ್ಲ. ಅಜ್ಜಿಯ ಕೈಯಲ್ಲಿ ಅಷ್ಟು ವರ್ಷ ಉಂಡವರು ನಾವು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಸರಿ, ಬೋಂಡ ಮಾಡೋಣವೆಂದರೆ ಇನ್ನೊಂದು ಪೇಚು. ಮನೆಯೊಳಗೆ ಹುಳ ನಾಲ್ಕನೇ ಜ್ವರ ಎದ್ದು ಗಬಗಬ ಸೊಪ್ಪು ಮೇಯುತ್ತಿತ್ತು. ಇನ್ನು ನಾಲ್ಕೈದು ದಿನಕ್ಕೆ ಗೂಡು ಕಟ್ಟುವ ಹುಳ. ಈಗ ಎಣ್ಣೆ ಕಾಯಿಸಿದರೆ ಬೆಳೆ ಕೆಟ್ಟೀತೆಂಬ ಭಯ. “ಅವ್ವನೇ ಒಪ್ಪಲ್ಲ” ಎಂದರು ಅಪ್ಪ. ಅಜ್ಜಿಯ ಆಸೆ ತೀರಿಸಬೇಕಾದರೆ ಅಜ್ಜಿಯ ಕಟ್ಟಳೆಯನ್ನೇ ಮುರಿಯಬೇಕು. ಇಂಥ ಧರ್ಮಸಂಕಟಕ್ಕೆ ಯಾವ ಪಂಡಿತರ ಬಳಿಯೂ ಪರಿಹಾರವಿರಲಾರದು. ಪರಿಹಾರ ಹೇಳಿದ್ದು ಅಮ್ಮ.

“ಹುಳ ಹೋದ್ರೆ ಇನ್ನೊಂದ್ ಬೆಳೆ ಬತ್ತೈತೆ. ನಿಮ್ಮವ್ವ ಬರೋದು ವರ್ಸಕ್ಕೊಂದ್ಸಲ. ತೋಟದಲ್ಲಿ ಒಲೆ ಹೂಡಿ.”

ಅಮಾವಾಸ್ಯೆಯ ದಿನ ಹಿಪ್ಪುನೇರಳೆ ತೋಟದ ಆಚೆ ತುದಿಯಲ್ಲಿ, ಪಂಪ್‌ಸೆಟ್ ಮನೆಯ ಪಕ್ಕ ಮೂರು ಕಲ್ಲು ಹೂಡಿದೆವು. ಗಾಳಿ ಮನೆಯ ಕಡೆ ಬೀಸುತ್ತಿದೆಯೇ ಎಂದು ಅಪ್ಪ ಟವೆಲ್ಲನ್ನು ಬಾವುಟದ ಹಾಗೆ ಎತ್ತಿ ಹಿಡಿದು ಅರ್ಧ ಗಂಟೆ ನಿಂತರು. ಎಪ್ಪತ್ತೈದು ದಾಟಿದ ಮನುಷ್ಯ, “ಈಗ ಹಾಕು, ಈಗ ಹಾಕು! ತಡಿ, ತಡಿ!” ಎಂದು ಕೂಗುತ್ತಿದ್ದರೆ ಅಮ್ಮ ಹಿಟ್ಟಿನ ಕೈಯನ್ನು ಬಾಣಲೆಯ ಮೇಲೆ ಹಿಡಿದುಕೊಂಡು ಕಾಯುತ್ತಿದ್ದಳು. ಕೊನೆಗೂ ಆರು ಬೋಂಡ ಎಲೆಯ ಮೇಲೆ ಬಿದ್ದವು. ಎಡೆಯನ್ನು ಮೋಟಾರಿನ ಪಕ್ಕದಲ್ಲೇ ಇಟ್ಟು, ತಗಡಿನ ಬಾಗಿಲು ಎಳೆದುಕೊಂಡು ಹೊರಗೆ ನಿಂತೆವು. ಅಪ್ಪ ಎಷ್ಟು ಹೊತ್ತಾದರೂ ಬಾಗಿಲು ತಟ್ಟಲಿಲ್ಲ. “ಒಸಿ ಇರು, ಬಿಸಿ ಐತೆ, ನಿಧಾನಕ್ಕೆ ತಿನ್ಲಿ” ಎಂದರು. ಆಮೇಲೆ ಒಳಗೆ ಹೋಗಿ ಪ್ರಸಾದವೆಂದು ಒಂದು ಬೋಂಡ ಕಚ್ಚಿದರು. ಕಣ್ಣಲ್ಲಿ ನೀರು ಬಂತು. “ಖಾರ” ಎಂದರು. ನಾವೂ ಖಾರವೆಂದೇ ಒಪ್ಪಿಕೊಂಡೆವು. ಎಲ್ಲರೂ ಪಂಪಿನ ನೀರಿನಲ್ಲಿ ಸೋಪು ಹಚ್ಚಿ ಮಿಂದು, ಬಟ್ಟೆ ಬದಲಿಸಿ ಮನೆಯೊಳಗೆ ಹೋದೆವು. ಹುಳಕ್ಕೆ ಏನೂ ಆಗಲಿಲ್ಲ. ಆ ಬೆಳೆಯ ಗೂಡು ಗಟ್ಟಿಯಾಗಿಯೇ ಬಂತು.

ಗೂಡು ಮಾರ್ಕೆಟ್ಟಿಗೆ ಹೋದಮೇಲೆ ಅಮ್ಮ ನಾಲ್ಕು ದಿನ ಇರಲೆಂದು ಚನ್ನಪಟ್ಟಣದ ನನ್ನ ಮನೆಗೆ ಬಂದಳು. ಬೆಳಗ್ಗೆ ಎದ್ದವಳೇ ಅಭ್ಯಾಸಬಲದಿಂದ ಅಡುಗೆಮನೆಯತ್ತ ಹೊರಟಳು. ಅಡ್ಡ ನಿಂತು ಕೇಳಿದೆ: “ಅಮ್ಮಾ, ನಿಂಗೇನಿಷ್ಟ?”

“ಏನಾರ ಆಯ್ತದೆ ಬುಡು.”

“ಹಂಗಾದ್ರೆ ಮುಂದೆ ನಿನ್ನ ಎಡೇಲೂ ‘ಏನಾರ’ ಇಟ್ಬುಡ್ತೀನಿ.”

ಅಮ್ಮ ನನ್ನ ಬೆನ್ನಿಗೊಂದು ಗುದ್ದಿದಳು. ಆಮೇಲೆ ಕೇಳಬಾರದ್ದನ್ನು ಕೇಳುವವಳ ಹಾಗೆ ದನಿ ತಗ್ಗಿಸಿ ಹೇಳಿದಳು: “ದೋಸೆ ಕಣಪ್ಪಾ. ಕಾವ್ಲಿಯಿಂದ ಸೀದಾ ತಟ್ಟೆಗೆ ಬೀಳ್ಬೇಕು. ಹುಯ್ಯೋರು ಬೇರೆಯೋರಾಗಿರ್ಬೇಕು. ನಾನು ಕೂತಿರ್ಬೇಕು.”

ಐವತ್ತು ವರ್ಷದಿಂದ ಈ ಹೆಂಗಸು ನಮಗೆಲ್ಲ ದೋಸೆ ಹುಯ್ದು ಹಾಕಿದ್ದಾಳೆ. ಕೂತು ತಿಂದದ್ದನ್ನು ನೆನಪಿಸಿಕೊಳ್ಳಲು ಹೋದೆ, ಒಂದು ದಿನವೂ ನೆನಪಿಗೆ ಬರಲಿಲ್ಲ. ಅಮ್ಮನನ್ನು ಕೂರಿಸಿ, ಮನೆಯಲ್ಲಿದ್ದ ಹಿಟ್ಟು ತೆಗೆದು ನಾನೇ ಹುಯ್ಯಲು ನಿಂತೆ; ಹೆಂಡತಿ ಸೌಟು ಕೇಳಿದರೂ ಕೊಡಲಿಲ್ಲ. ಮೊದಲನೆಯ ದೋಸೆ ಹರಿಯಿತು, ಎರಡನೆಯದು ಸೀದುಹೋಯಿತು. ಅಮ್ಮ ಎರಡನ್ನೂ ತಿಂದಳು. ಮೂರನೆಯದು ಸರಿಯಾಗಿ ಬಂತು. ನಾಲ್ಕಾಯಿತು, ಐದಾಯಿತು, ಆರಾಯಿತು. ಪ್ರತಿ ಸಲ “ಇನ್ನೊಂದ್ ಹಾಕ್ಲಾ?” ಎಂದರೆ “ಹೂಂ, ಹಾಕು” ಎನ್ನುತ್ತಿದ್ದಳು. ಏಳನೆಯದು ಹುಯ್ದಾಗ ಪಾತ್ರೆಯಲ್ಲಿ ಹಿಟ್ಟು ಮುಗಿಯಿತು. ತಿರುಗಿ ನೋಡಿದೆ. ಅಮ್ಮ ತಟ್ಟೆ ಮುಂದಿಟ್ಟುಕೊಂಡು ಇನ್ನೂ ಕೂತೇ ಇದ್ದಳು.

ನಾನು ಒಲೆ ಸಣ್ಣಗೆ ಮಾಡಿ, ಪಾತ್ರೆ ಎತ್ತಿಕೊಂಡು, ಪಕ್ಕದ ಮನೆಗೆ ದೋಸೆಹಿಟ್ಟು ಕೇಳಲು ಓಡಿದೆ.