ಮುಖ ನೋಡಿ ಹಾಡು ಹಾಕುವ ನವೀನ್‌ಕುಮಾರ್

ಸೋಮವಾರಪೇಟೆಯ ಹೊರಗಿನ ಕಾಲೊನಿಯಿಂದ ಮಾದಾಪುರ ರಸ್ತೆಯ ಎಸ್ಟೇಟೊಂದಕ್ಕೆ ದಿನವೂ ಹನ್ನೆರಡು ಮಂದಿ ಹೆಂಗಸರನ್ನು ಕಾಫಿ ಕೊಯ್ಲಿಗೆ ಕರೆದೊಯ್ಯುವ ಜೀಪಿನ ಡ್ರೈವರ್ ನವೀನ್‌ಕುಮಾರ್‌ಗೆ ಎರಡು ಹೆಮ್ಮೆಗಳಿದ್ದವು. ಹದಿನಾಲ್ಕು ವರ್ಷದಲ್ಲಿ ಅವನ ಜೀಪು ಒಮ್ಮೆಯೂ ಚರಂಡಿಗೆ ಇಳಿದಿರಲಿಲ್ಲ ಎನ್ನುವುದು ಒಂದು. ಹತ್ತಿದವರ ಮುಖ ನೋಡಿ ಅವರ ಮನಸ್ಸಿಗೆ ತಕ್ಕ ಹಾಡು ಹಾಕುವ ವಿದ್ಯೆ ಇನ್ನೊಂದು. ಮೊದಲನೆಯದನ್ನು ಬ್ರೇಕು ಕಾಪಾಡಿತ್ತು. ಎರಡನೆಯದಕ್ಕೆ ಬ್ರೇಕೇ ಇರಲಿಲ್ಲ.

ಪೆನ್‌ಡ್ರೈವಿನಲ್ಲಿ ಹಾಡುಗಳನ್ನು ಔಷಧದಂಗಡಿಯ ಹಾಗೆ ಜೋಡಿಸಿಟ್ಟಿದ್ದ. ಸೋಮವಾರದ ಸೋಮಾರಿತನಕ್ಕೆ ಕುಣಿತದ ಹಾಡು, ಅತ್ತೆಯ ಜೊತೆ ಜಗಳವಾಡಿ ಬಂದವಳಿಗೆ ತವರಿನ ಹಾಡು, ಡಿಸೆಂಬರ್ ಚಳಿಗೆ ತಮಟೆಯ ಅಬ್ಬರ. “ಡಾಕ್ಟ್ರು ಜ್ವರ ನೋಡ್ತಾರೆ, ನಾನು ಸ್ವರ ನೋಡ್ತೀನಿ,” ಎಂದು ಚಾದಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದ. ಇದರಿಂದ ಯಾರಿಗಾದರೂ ಗುಣವಾಯಿತೋ ಇಲ್ಲವೋ, ಗುಣಗಾನಕ್ಕಂತೂ ಕೊರತೆಯಿರಲಿಲ್ಲ.

ಆ ಡಿಸೆಂಬರಿನಲ್ಲಿ ಕೊಯ್ಲಿನ ಹೆಂಗಸರಲ್ಲೊಬ್ಬಳಾದ ಮಾದಿಯ ಗಂಡ ಕಾಮಾಲೆಯಾಗಿ ತೀರಿಕೊಂಡ. ಹನ್ನೊಂದರ ತಿಥಿ ಮುಗಿಸಿದ ಮರುದಿನವೇ ಮಾದಿ ಕೆಲಸಕ್ಕೆ ಬಂದಳು. ಎಂದಿನಂತೆ ಹಿಂದೆ ಹತ್ತಲು ಹೊರಟವಳನ್ನು ನವೀನ್‌ಕುಮಾರ್ ತನ್ನ ಪಕ್ಕದ ಸೀಟಿಗೆ ಕರೆದ.

“ಹಿಂದ್ಗಡೆ ಅವರ ಜೊತೆ ಕೂರ್ತೀನಿ ಬಿಡಣ್ಣ.”

“ಅಲ್ಲಿ ಬರೀ ಗಲಾಟೆ ಕಣಮ್ಮ. ಇಲ್ಲಿ ಕೂತ್ಕೋ, ನಾನಿದೀನಲ್ಲ.”

ಇದ್ದ. ಅದೇ ತೊಂದರೆಯಾದದ್ದು. ಇದ್ದುದರಲ್ಲೇ ಎದೆ ಹಿಂಡುವ ಹಾಡೊಂದನ್ನು ಆರಿಸಿ ಹಾಕಿದ. ಮೊದಲನೆಯ ತಿರುವು ಬರುವಷ್ಟರಲ್ಲಿ ಮಾದಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಿಂದಿನ ಹನ್ನೊಂದು ಬಾಯಿಗಳೂ ಮುಚ್ಚಿದವು. ಅತ್ತು ಹಗುರಾದಳು ಪಾಪ, ಎಂದುಕೊಂಡ ನವೀನ್‌ಕುಮಾರ್‌ಗೆ ಪುಣ್ಯ ಕಟ್ಟಿಕೊಂಡಷ್ಟು ಸಮಾಧಾನವಾಯಿತು. ಮರುದಿನವೂ ಅದೇ ಸೀಟು, ಅಂಥದೇ ಹಾಡು. ಅವನ ಕಣ್ಣು ರಸ್ತೆಯ ಮೇಲೆ, ಓರೆಗಣ್ಣು ಅವಳ ಕೆನ್ನೆಯ ಮೇಲೆ. ಐದನೆಯ ದಿನ ಕೆನ್ನೆ ಒಣಗಿಯೇ ಇತ್ತು. ಅವನು ವಾಲ್ಯೂಮು ಏರಿಸಿದ.

ಆರನೆಯ ದಿನ ಮಾದಿ ಜೀಪು ನಿಲ್ಲುವಲ್ಲಿ ಇರಲಿಲ್ಲ. “ಅವ್ಳು ಆಗ್ಲೇ ನಡ್ಕೊಂಡು ಹೊಂಟೋದ್ಲು,” ಎಂದಳು ಹಿರಿಯಾಕೆ ಚಲುವಮ್ಮ. ನಡೆಯಬೇಕಾದದ್ದು ಐದು ಕಿಲೋಮೀಟರ್. ಅರ್ಧ ದಾರಿಯಲ್ಲಿ, ಕೊಯ್ಲಿನ ಚೀಲವನ್ನೇ ತಲೆಗೆ ಹೊದ್ದು ನಡೆಯುತ್ತಿದ್ದ ಮಾದಿ ಸಿಕ್ಕಳು. ನವೀನ್‌ಕುಮಾರ್ ಜೀಪು ನಿಲ್ಲಿಸಿದ.

“ಹತ್ತು ಮಾದಿ, ಹತ್ತು. ನಿನಗೇ ಅಂತ ರಾತ್ರಿಯೆಲ್ಲ ಹುಡುಕಿ ಹೊಸ ಹಾಡು ತಂದಿದೀನಿ.”

“ಬೇಡಣ್ಣ, ನೀವು ಹೋಗಿ.”

“ಯಾಕೆ? ಏನಾಯ್ತು?”

ಮಾದಿ ಹಿಂದೆ ಕುಳಿತವರನ್ನು ಒಮ್ಮೆ ನೋಡಿದಳು, ನೆಲ ನೋಡಿದಳು. “ನಮ್ಮನೆಯವ್ರು ಒಂದೇ ಸಲ ಸತ್ರು ಕಣಣ್ಣ. ನಿಮ್ಮ ಜೀಪಲ್ಲಿ ಬೆಳಿಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ ಸಾಯ್ತಾವ್ರೆ. ಅಳಾಕೆ ನಂಗೆ ಮನೆ ಐತೆ. ಇವರ ಹಾಳು ಹರಟೆ ಕೇಳಾಣ ಅಂತ ಕೆಲ್ಸಕ್ಕೆ ಬಂದೆ. ಅದನ್ನೂ ನಿಲ್ಲಿಸಿಬಿಟ್ರಿ.”

“ಅಲ್ಲ ಮಾದಿ, ನಿನ್ನ ಮುಖ ನೋಡೇ ನಾನು…”

“ನೋಡ್ತಿದ್ರಿ. ಅಳ್ತಾಳೋ ಇಲ್ವೋ ಅಂತ ನೋಡ್ತಿದ್ರಿ.”

ಅವನ ಕಿವಿ ಬಿಸಿಯಾಯಿತು. ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು. ವಾಲ್ಯೂಮು ತಿರುಗಿಸಿದ ಬೆರಳು ಸ್ಟೀರಿಂಗಿನ ಮೇಲೇ ಇತ್ತು. ಅದನ್ನು ಎಲ್ಲಿ ಬಚ್ಚಿಡುವುದೆಂದು ತಿಳಿಯದೆ ತೊಡೆಯ ಕೆಳಗಿಟ್ಟುಕೊಂಡ.

ಹಿಂದಿನಿಂದ ಚಲುವಮ್ಮ ಮೊಣಕಾಲು ಹಿಡಿದು ಇಳಿದಳು. “ಇಳೀರೇ, ನಡೆಯಾಣ.” ಒಬ್ಬೊಬ್ಬರಾಗಿ ಹನ್ನೊಂದು ಮಂದಿಯೂ ಇಳಿದರು. ಚಲುವಮ್ಮ ಕಿಟಕಿಯ ಬಳಿ ಬಂದು, “ನಾವಾದ್ರೂ ಬಾಯಿ ಬಿಟ್ಟು ಹೇಳ್ಬೇಕಿತ್ತು, ಹೇಳ್ಲಿಲ್ಲ. ನೀನು ಮುಂದೆ ಹೋಗು ಮಗ,” ಎಂದಳು. ಬೈದಿದ್ದರೆ ವಾಸಿಯಾಗಿತ್ತು.

ಖಾಲಿ ಜೀಪು ಎಸ್ಟೇಟಿನ ಗೇಟು ಮುಟ್ಟಿದಾಗ ಹಾಜರಿ ಪುಸ್ತಕ ಹಿಡಿದು ನಿಂತಿದ್ದ ರೈಟರ್ ಬೋಜಪ್ಪ ಹೌಹಾರಿದ.

“ಆಳುಗಳೆಲ್ಲಿ ಮಾರಾಯ? ಗಾಡಿ ಕೆಟ್ಟೋಯ್ತಾ?”

ಬ್ಯಾಟರಿಯ ಮೇಲೆ ಹೊರಿಸಬಹುದಾದ ಸುಳ್ಳೊಂದು ನಾಲಿಗೆಯ ತುದಿಗೆ ಬಂದಿತ್ತು. ನವೀನ್‌ಕುಮಾರ್ ಅದನ್ನು ನುಂಗಿದ. “ಗಾಡಿ ಸರಿಯಾಗೇ ಇದೆ ಸಾರ್. ನಂದೇ ತಪ್ಪು. ನಡ್ಕೊಂಡು ಬರ್ತಾವ್ರೆ.”

“ಬೆಳಿಗ್ಗೆ ಬೆಳಿಗ್ಗೇನೇ ಹಾಕ್ಕೊಂಡಿದೀಯೇನೋ?”

“ಹಾಡು ಹಾಕಿದ್ದೆ ಸಾರ್.”

ಬೋಜಪ್ಪನಿಗೆ ಅರ್ಥವಾಗಲಿಲ್ಲ. ವಿವರಿಸುವ ಮುಖವೂ ಇವನಿಗಿರಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ತಿರುವಿನಾಚೆಯಿಂದ ಹೆಂಗಸರ ಮಾತು ಕೇಳಿಸಿತು, ಹಿಂದೆಯೇ ಒಟ್ಟಾಗಿ ಎದ್ದ ನಗು. ಅದರಲ್ಲಿ ಮಾದಿಯದೂ ಇದೆಯೇ ಎಂದು ಕಿವಿಗೊಟ್ಟ. ಗೊತ್ತಾಗಲಿಲ್ಲ. ಐದು ದಿನ ಪಕ್ಕದಲ್ಲೇ ಕೂರಿಸಿಕೊಂಡು ಅವಳ ಅಳುವೊಂದನ್ನೇ ಬಾಯಿಪಾಠ ಮಾಡಿಕೊಂಡಿದ್ದ.

ಅವರು ಗೇಟಿನೊಳಗೆ ಬರುವ ಹೊತ್ತಿಗೆ ನವೀನ್‌ಕುಮಾರ್ ಬಾನೆಟ್ ಎತ್ತಿ, ಏನೂ ಕೆಡದ ಎಂಜಿನ್ನಿನೊಳಗೆ ಮುಖ ಹುದುಗಿಸಿ ನಿಂತಿದ್ದ.