ನಾಜರ್ ಸಿಂಗರ ಪಂಪು

ಹೊಲಕ್ಕೆ ಕರೆಂಟು ಬಂತೋ ಇಲ್ಲವೋ ಎಂದು ನಮ್ಮೂರಿನಲ್ಲಿ ಯಾರೂ ಲೈನ್‌ಮನ್ನನ್ನು ಕೇಳುವುದಿಲ್ಲ. ಊರಿಗೆಲ್ಲ ತಾಯಾಜಿ, ಅಂದರೆ ದೊಡ್ಡಪ್ಪ, ಆಗಿರುವ ನಾಜರ್ ಸಿಂಗರ ಪಂಪಿಗೆ ಕಿವಿಗೊಡುತ್ತಾರೆ. ಯಜಮಾನರು ಮದುವೆಯೂಟಕ್ಕೆ ಕೂತಿರಲಿ, ಗುರುದ್ವಾರದಲ್ಲಿ ಕಣ್ಣು ಮುಚ್ಚಿರಲಿ, ಆಟೊ ಸ್ಟಾರ್ಟರ್ ಹಾಕಿಸಿದ ಆ ಪಂಪು ಕರೆಂಟು ಬಂದ ಕ್ಷಣ ತಾನೇ ಗುಡುಗಿ, ಸುರಿಯುವ ಮಳೆಯಲ್ಲೂ ಗದ್ದೆಗೆ ನೀರು ಹಾಯಿಸುತ್ತದೆ. "ಕರೆಂಟು ಸರ್ಕಾರ ಪುಕ್ಕಟೆ ಕೊಡುತ್ತೆ, ಭತ್ತಾನೂ ಅದೇ ಕೊಳ್ಳುತ್ತೆ. ನಡುವೆ ನಾನ್ಯಾಕಪ್ಪ ಗುಂಡಿ ಒತ್ತಿ ಬೆರಳು ಸವೆಸ್ಲಿ?" ಎಂದು ಮೀಸೆ ತಿರುವುವ ಈ ಮಹಾಶಯರ ಮನೆಯಲ್ಲಿ ಮೂರು ಹೊತ್ತೂ ಗೋಧಿ ರೊಟ್ಟಿ; ಅನ್ನ ಬೇಯುವುದು ಯಾರಿಗಾದರೂ ಹೊಟ್ಟೆ ಕೆಟ್ಟಾಗ ಮಾತ್ರ. ಕೊಳವೆಬಾವಿ ವರ್ಷವರ್ಷವೂ ಆಳಕ್ಕಿಳಿಯಿತು. "ಪಾತಾಳದಲ್ಲಿ ಲಸ್ಸಿ ಸಿಗುತ್ತೇನೋ ನೋಡಿ ತಾಯಾಜಿ!" ಎಂದು ನಾನು ಕೆಣಕಿದರೆ ನಗುತ್ತಿದ್ದರು. ಆದರೂ ಹೊಲಕ್ಕೆ ಹೋದಾಗಲೆಲ್ಲ, ತಮ್ಮ ಅಪ್ಪ ತೋಡಿಸಿದ, ಈಗ ಬತ್ತಿಹೋದ ಬಾವಿಗೆ ಒಂದು ಕಲ್ಲು ಹಾಕಿ ಕಿವಿಗೊಟ್ಟು ನಿಲ್ಲುತ್ತಾರೆ. ಈ ಸಲ ಸರ್ಕಾರ, ಕಡಿಮೆ ನೀರಿನ ಮೆಕ್ಕೆಜೋಳವನ್ನೂ ಕೊಳ್ಳುತ್ತೇನೆ, ಉಳಿಸಿದ ಕರೆಂಟಿಗೂ ದುಡ್ಡು ಕೊಡುತ್ತೇನೆ ಎಂದಿತು. ತಾಯಾಜಿ ಅರ್ಧ ಹೊಲಕ್ಕೆ ಮೆಕ್ಕೆಜೋಳ ಬಿತ್ತಿ, ಆಟೊ ಸ್ಟಾರ್ಟರನ್ನು ಕೈಯಾರೆ ಬಿಚ್ಚಿದರಂತೆ. ನನಗದು ಗೊತ್ತಿರಲಿಲ್ಲ, ನಿನ್ನೆ ಕರೆಂಟಿನ ಹೊತ್ತಿಗೂ ಪಂಪು ಸುಮ್ಮನಿದ್ದಾಗ ಗಾಬರಿಯಿಂದ ಓಡಿದೆ. ಮುದುಕರು ಬಾವಿಗೆ ಬಗ್ಗಿದ್ದರು. "ಹುಷಾರಾಗಿದೀರಾ ತಾಯಾಜಿ?" "ಶ್! ಕಲ್ಲು ಹಾಕಿದೀನಿ." "ನೀರಿನ ಸದ್ದು ಬಂತಾ?" "ಇನ್ನೂ ಇಲ್ಲ. ಆ ಪಂಪಿನ ಗಲಾಟೇಲಿ ಬಂದಿದ್ರೂ ಕೇಳ್ತಿರ್ಲಿಲ್ಲ. ಇನ್ಮೇಲೆ ಬಂದ್ರೆ ಕೇಳ್ಸುತ್ತೆ, ಬಿಡು."