ಗೌರಕ್ಕನ ಬಾಯಲ್ಲಿ ಉಳಿದ ಸೋಬಾನೆ

ಪುಟ್ಟಗೌರಮ್ಮ ಬಂದು ಕೂತು, ಕೆಮ್ಮಿ ಗಂಟಲು ಸರಿಮಾಡಿಕೊಂಡು ಸೋಬಾನೆ ಪದ ಎತ್ತುವ ತನಕ ನಮ್ಮ ಹೊಂಗನೂರಿನಲ್ಲಿ ಯಾವ ಹೆಣ್ಣಿಗೂ ಅರಿಶಿನ ಹಚ್ಚುತ್ತಿರಲಿಲ್ಲ. ಡಿ.ಜೆ. ಹಾಕಿಸಿದ ಮನೆಯವರೂ ಆ ಹೊತ್ತಿಗೆ ಅದನ್ನು ಬಂದ್ ಮಾಡಿಸಿ ಅವಳಿಗೆ ಹೇಳಿ ಕಳಿಸುತ್ತಿದ್ದರು. ಅವಳ ಗತ್ತೂ ಕಡಿಮೆಯದ್ದಲ್ಲ. ಎರಡನೇ ಸಲ ಕರೆದ ಮೇಲೇ ಮನೆಯಿಂದ ಹೊರಡುವುದು, ಜಗಲಿಯ ನಡುಮಧ್ಯೆಯೇ ಕೂರುವುದು.

ನಾನು ಈ ಗೌರಕ್ಕನ ಪಕ್ಕದ ಮನೆಯ ಶಿವಲಕ್ಷ್ಮಿ, ಊರಿನ ಅಂಗನವಾಡಿ ಟೀಚರು. ನನಗೂ ಹಾಡಿಗೂ ಆಗಿಬರುವುದಿಲ್ಲ. ಮಕ್ಕಳಿಗೆ ನಾನು ಪದ್ಯ ಹೇಳಿಕೊಡುವುದನ್ನು ಕೇಳಿ ಗೌರಕ್ಕ, 'ಪದ್ಯ ಹೇಳ್ತಿದ್ದೀಯೋ, ರೇಷನ್ ಕಾರ್ಡ್ ಓದ್ತಿದ್ದೀಯೋ?' ಎಂದು ಕಾಂಪೌಂಡಿನ ಆಚೆಯಿಂದ ಆಡಿಕೊಳ್ಳುತ್ತಿದ್ದಳು.

ಅವಳ ಜೊತೆಗಾತಿ ವೆಂಕಟಲಕ್ಷ್ಮಮ್ಮ. ಇವಳು ಒಂದು ಸಾಲು ಎತ್ತಿದರೆ ಅವಳು ಮುಂದಿನ ಸಾಲು ಮುಗಿಸುವಳು. ಚಿಕ್ಕ ಹುಡುಗಿಯರಾಗಿದ್ದಾಗಿನಿಂದ ಹಾಗೇ. ವೆಂಕಟಲಕ್ಷ್ಮಮ್ಮನ ಗಂಡ ತೀರಿಕೊಂಡ ಮೇಲೆ ಬಂದ ಮೊದಲ ಮದುವೆಯಲ್ಲಿ ಅವಳು ಅಭ್ಯಾಸಬಲದಿಂದ ಬಂದು ಗೌರಕ್ಕನ ಎಡಗಡೆ ಕೂತುಬಿಟ್ಟಳು. ಗೌರಕ್ಕ ತಿರುಗಿಯೂ ನೋಡದೆ, 'ವೆಂಕ್ಟಲಕ್ಷ್ಮಿ, ಒಳೀಕೋಗಿ ಒಸಿ ಅಡಿಗೆ ನೋಡ್ಕ ಹೋಗವ್ವ' ಅಂದಳು. ಅವಳು ಎದ್ದು ಹೋದಳು. ಅಡಿಗೆಮನೆಗೂ ಹೋಗಲಿಲ್ಲ, ಸೀದಾ ಮನೆಗೆ ಹೋದಳು. ಅಂದಿನಿಂದ ಗೌರಕ್ಕನ ಹೊಸ್ತಿಲು ತುಳಿಯಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಸಂಜೆ ಜಗಳಕ್ಕೇ ಹೋದೆ. ಗೌರಕ್ಕ ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದವಳು ಕೈ ನಿಲ್ಲಿಸಲಿಲ್ಲ. 'ನಾ ಮಾಡಿದ್ ರೂಢಿಯಾ ಇದು? ಮುತ್ತೈದೇರು ಹಾಡೋ ಪದ ಕಣವ್ವ. ನಾಳೆ ನಂಗೆ ಆ ಗತಿ ಬಂದ್ರೂ ಅಷ್ಟೇಯ, ನಾನೂ ಬಾಯಿ ಮುಚ್ಕತೀನಿ' ಅಂದಳು. ಅವಳು ಮಾತಿಗೆ ತಪ್ಪುವ ಹೆಂಗಸಲ್ಲ ಎಂದು ನನಗೆ ಆಗಲೇ ಗೊತ್ತಿರಬೇಕಿತ್ತು.

ಕಳೆದ ವರ್ಷ ರೇಷ್ಮೆ ಹುಳುವಿನ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದಾಗಲೇ ಅವಳಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಹೋಯಿತು. ಆಡಿದ್ದೆಲ್ಲ ಅರ್ಥವಾಗುತ್ತದೆ, ಹೇಳಬೇಕೆಂದರೆ 'ತ ತ ತ' ಬಿಟ್ಟು ಬೇರೇನೂ ಹೊರಡುವುದಿಲ್ಲ. ಊರಿನ ಬಾಯಿ ಮುಚ್ಚಿಸುತ್ತಿದ್ದ ಹೆಂಗಸಿಗೆ ನೀರು ಬೇಕೆಂದು ಕೇಳಲು ಬಾಯಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದಳು. ಅನ್ನ ತಂದರೆ ತಟ್ಟೆ ನೂಕಿದಳು. ಮಗ ನಟರಾಜು ಬಿಡದಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ, ಶಿಫ್ಟಿಗೆ ಹೋದರೆ ಬರುವುದು ಹೊತ್ತು ಮುಳುಗಿದ ಮೇಲೆ. ನೋಡಿಕೊಳ್ಳಲು ಉಳಿದವನು ಗಂಡ ಚೆಲುವಯ್ಯ ಒಬ್ಬನೇ. ಸೊಪ್ಪು, ಹುಳು, ಬೀಡಿ, ಇಷ್ಟು ಬಿಟ್ಟು ಬೇರೆ ಲೋಕ ಕಾಣದ ಮನುಷ್ಯ.

ಒಂದು ಮಧ್ಯಾಹ್ನ ಅವನು ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುತ್ತಾ ಬೇಸರಕ್ಕೆ ಒಂದು ಸೋಬಾನೆ ಗುನುಗಿದ. ಅವನ ದನಿಯೋ, ಕೇಳಿದರೆ ಹುಳುಗಳೇ ಚಂದ್ರಿಕೆ ಬಿಟ್ಟು ಇಳಿಯಬೇಕು, ಹಾಗಿದೆ. ಧಾಟಿಯನ್ನು ಕೊಂದುಹಾಕಿದ. ಆಗ ಒಳಗಿನ ಮಂಚದಿಂದ ಗೌರಕ್ಕನ ದನಿ, ಸಿಟ್ಟಿನಲ್ಲಿ, ತಿದ್ದಿ ಹೇಳುವ ಹಾಗೆ, ಒಂದಕ್ಷರ ತೊದಲದೆ ಬಂತು:

ಮಾವಿನ ಚಪ್ಪರದಡಿ ಮಲ್ಲಿಗೆ ಮುಡಿದೋಳು
ಯಾವೂರ ಸೊಸೆಯಾಗಿ ಹೊಂಟಾಳು – ಸೋಬಾನೆ

ಚೆಲುವಯ್ಯ ಹುಳುವಿನ ತಟ್ಟೆ ಅಲ್ಲೇ ಇಟ್ಟು ನಮ್ಮ ಮನೆಗೆ ಓಡಿಬಂದ. 'ಶಿವ್ಲಕ್ಷ್ಮಿ, ಬಾ ತಾಯಿ, ಮಾತ್ ಬಂದ್ಬುಡ್ತು ಕಣವ್ವ!' ಎನ್ನುವಾಗ ಅವನ ಗಡ್ಡದ ಮೇಲೆಲ್ಲ ಕಣ್ಣೀರು. ಹೋಗಿ ನೋಡಿದರೆ ಮಾತು ಬಂದಿರಲಿಲ್ಲ. ಹಾಡು ಮಾತ್ರ ಬಂದಿತ್ತು.

ರಾಮನಗರದ ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿಯೊಬ್ಬಳಿದ್ದಾಳೆ, ಮಹ್ವಿಶ್ ಎಂದು. ಅವಳಿಗೆ ಇದು ಆಶ್ಚರ್ಯ ಅನ್ನಿಸಲಿಲ್ಲ. 'ಮಾತು ಹುಟ್ಟೋದು ಹೆಚ್ಚಾಗಿ ಮೆದುಳಿನ ಎಡಗಡೆ. ಅಲ್ಲಿ ಪೆಟ್ಟಾಗಿದೆ. ಹಾಡಿಗೆ ಬಲಗಡೆನೂ ಕೆಲಸ ಮಾಡುತ್ತೆ. ಹೈವೇ ಬಂದ್ ಆದ್ರೆ ನೀವು ತೋಟದ ದಾರಿ ಹಿಡಿಯಲ್ವಾ, ಹಾಗೆ' ಅಂದಳು. ಅಕ್ಕನ ಎಡಗೈಯನ್ನು ತಾಳಕ್ಕೆ ತಟ್ಟಿಸುತ್ತಾ, ಅವಳಿಗೆ ಗೊತ್ತಿರುವ ಧಾಟಿಯಲ್ಲೇ ದಿನಬಳಕೆಯ ಮಾತು ಹಾಡಿಸಬೇಕು. ಆಮೇಲೆ ಧಾಟಿಯನ್ನು ನಿಧಾನವಾಗಿ ತೆಗೆಯುತ್ತಾ ಬಂದರೆ ಮಾತು ಉಳಿಯಬಹುದು. ಹಾಡಿದರೆ ಮನಸ್ಸೂ ಚಿಗುರುತ್ತದೆ. 'ಆದ್ರೆ ನಿಲ್ಲಿಸ್ಬೇಡಿ. ನಿಲ್ಲಿಸಿದ್ರೆ ಇರೋದೂ ಹೋಗುತ್ತೆ' ಎಂದು ಎಚ್ಚರಿಸಿದಳು.

ಪರೀಕ್ಷೆ ಮಾಡುತ್ತಾ, 'ನಿಮ್ಮ ಯಜಮಾನ್ರ ಹೆಸರು ಹಾಡಿ ಹೇಳಿ ನೋಡೋಣ' ಎಂದಳು. ಗೌರಕ್ಕ ತುಟಿ ಬಿಗಿದು ಕೂತಳು. ಪಾಪ, ಹುಡುಗಿ ಮುಖ ಸಣ್ಣ ಮಾಡಿಕೊಂಡಳು. ನನಗೆ ನಗು ತಡೆಯಲಾಗಲಿಲ್ಲ. 'ಮೇಡಂ, ಅದು ಲಕ್ವ ಅಲ್ಲ. ಮದುವೆ ಆದಾಗಿಂದ ಅವಳು ಆ ಹೆಸರು ಬಾಯಲ್ಲಿ ಆಡಿಲ್ಲ' ಅಂದೆ. 'ಓ, ನಮ್ಮಜ್ಜಿನೂ ಹಂಗೇ' ಎಂದು ಅವಳೂ ನಕ್ಕಳು. ಚೆಲುವಯ್ಯ ಮಾತ್ರ ನಗಲಿಲ್ಲ. 'ಒಂದ್ಸಲ ಹೇಳವ್ಳೆ' ಅಂದ, ನೆಲ ನೋಡುತ್ತಾ.

ನಮ್ಮ ಕಡೆ ಹೊಸ ಸೊಸೆಯನ್ನು ಹೊಸ್ತಿಲಲ್ಲಿ ಅಡ್ಡಗಟ್ಟಿ, ಗಂಡನ ಹೆಸರು ಸೇರಿಸಿ ಪದ ಹೇಳಿದರೆ ಮಾತ್ರ ಒಳಗೆ ಬಿಡುತ್ತಾರೆ. ಹೆಂಡತಿ ಗಂಡನ ಹೆಸರೆತ್ತುವುದು ಅದೊಂದೇ ಸಲ. ಗೌರಕ್ಕ ಅವತ್ತು ಹಾಡಿದ ಸಾಲು ಚೆಲುವಯ್ಯನಿಗೆ ಬಾಯಿಪಾಠವಾಗಿತ್ತು.

ತುಂಬಿದ ಸೇರ ಬಲಗಾಲಲಿ ನೂಕಿ
ಬಂದೀನಿ ಚೆಲುವಯ್ಯನ ಮನೆಗೆ – ಸೋಬಾನೆ

'ಇನ್ನೊಂದ್ ದಪ ಅದ ಕೇಳ್ಬುಟ್ರೆ ಸಾಕು ನಂಗೆ. ಮಿಕ್ಕಿದ್ ಮಾತು ಬಂದ್ರೆ ಬರ್ಲಿ, ಬುಟ್ರೆ ಬುಡ್ಲಿ' ಅಂದ. ಬಸ್ಸಿನಲ್ಲಿ ಚನ್ನಪಟ್ಟಣ ದಾಟುವವರೆಗೂ ಅವಳ ಎಡಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತಟ್ಟುತ್ತಲೇ ಇದ್ದ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. 'ನೀರು ಕೊಡಿರೇ ಸೋಬಾನೆ', 'ಸಾರಿಗೆ ಉಪ್ಪಿಲ್ಲ ಸೋಬಾನೆ', 'ಬಚ್ಚಲಿಗೆ ಹೋಗ್ಬೇಕು ಸೋಬಾನೆ'. ಮನೆಯಲ್ಲಿ ದಿನವೂ ಮದುವೆ ನಡೆಯುತ್ತಿತ್ತು. ಅವಳು ಸುಮ್ಮನಾದಾಗ ಚೆಲುವಯ್ಯ ಬೇಕೆಂದೇ ತಪ್ಪು ಹಾಡುವನು. ತಡೆಯಲಾರದೆ ಅವಳು ತಿದ್ದುವಳು. ಮುಖಕ್ಕೆ ಕಳೆ ಬಂತು, ಊಟ ಸೇರಿತು. ಆ ಹೊಸ್ತಿಲ ಪದ ಮಾತ್ರ 'ಬಂದೀನಿ' ತನಕ ಬಂದು ನಿಲ್ಲುತ್ತಿತ್ತು. ಮುಖ ಆ ಕಡೆ ತಿರುಗಿಸಿ ಸೊಟ್ಟ ಬಾಯಲ್ಲೇ ನಗುತ್ತಿದ್ದಳು. ಅದು ಕಾಯಿಲೆಯೋ ನಾಚಿಕೆಯೋ ನನಗೆ ತಿಳಿಯಲಿಲ್ಲ. 'ನಾಳಿಕ್ ಬತ್ತದೆ ಬುಡು' ಎಂದು ಚೆಲುವಯ್ಯ ಸೊಪ್ಪು ಕೊಯ್ಯಲು ಹೋಗುತ್ತಿದ್ದ.

ಹಾಗೆ ಹೋದವನು ಒಂದು ಬೆಳಿಗ್ಗೆ ತೋಟದಲ್ಲೇ ಎದೆ ಹಿಡಿದುಕೊಂಡು ಕೂತ. ಆಟೋ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹೆಣವನ್ನು ಬಾಗಿಲ ಮುಂದೆ ಮಲಗಿಸಿದರು. ಗೌರಕ್ಕನನ್ನು ಎತ್ತಿ ತಂದು ತಲೆಯ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ನಮ್ಮ ಹೆಂಗಸರು ಸುಮ್ಮನೆ ಅಳುವುದಿಲ್ಲ, ಸತ್ತವರ ಗುಣ ಎತ್ತಿ ಆಡಿಕೊಂಡು ಅಳುತ್ತಾರೆ. ಅಳುವುದಕ್ಕೂ ಮಾತು ಬೇಕು. ಸುತ್ತಲೂ ಎಲ್ಲರೂ ಅವನನ್ನು ಆಡಿ ಅಳುವಾಗ, ಅವನ ಹೆಂಡತಿಯೊಬ್ಬಳು 'ತ ತ' ಎಂದು ಒದ್ದಾಡುತ್ತಿದ್ದಳು. ಆಮೇಲೆ ಬಗ್ಗಿ ಎಡಗೈಯನ್ನು ಅವನ ಎದೆಯ ಮೇಲಿಟ್ಟಳು. ಕೈ ತಾನಾಗಿ ತಟ್ಟತೊಡಗಿತು. ಬಾಯಿ ಬಿಚ್ಚಿಕೊಂಡಿತು.

ತುಂಬಿದ ಸೇರ ಬಲಗಾಲಲಿ ನೂಕಿ
ಬಂದೀನಿ ಚೆಲುವಯ್ಯನ ಮನೆಗೆ – ಸೋಬಾನೆ

ಅಳು ಗಕ್ಕನೆ ನಿಂತಿತು. 'ಅಯ್ಯೋ ಶಿವ್ನೇ, ಹೆಣದ್ ಮುಂದೆ ಸೋಬಾನೆಯಾ!' ಎಂದು ಯಾರೋ ಕೂಗಿದರು. ಅವಳು ಮತ್ತೆ ಹೆಸರೆತ್ತುವಷ್ಟರಲ್ಲಿ ಒಬ್ಬಳು ಸೆರಗು ಮುದ್ದೆ ಮಾಡಿ ಬಾಯಿಗೆ ಒತ್ತಿದಳು. 'ಸುಮ್ಕಿರವ್ವೋ, ಜನ ನೋಡ್ತಾವ್ರೆ' ಎಂದು ನಟರಾಜು ಕೈಮುಗಿದ. 'ಅವಳು ಅಳ್ತಾ ಇರೋದು ಕಣ್ರೋ, ಅವಳ ಹತ್ರ ಇರೋದೇ ಅಷ್ಟು, ಬಿಡ್ರೋ!' ಎಂದು ನಾನು ಅರಚಿದೆ. ಅಂಗನವಾಡಿ ಟೀಚರ ಮಾತನ್ನು ಪೋಲಿಯೋ ಹನಿಯ ದಿನ ಬಿಟ್ಟರೆ ಯಾವತ್ತು ಯಾರು ಕೇಳಿದ್ದಾರೆ? ಅವನು ಕೇಳಬೇಕೆಂದಿದ್ದ ಒಂದೇ ಒಂದು ಸಾಲನ್ನು ಊರೆಲ್ಲ ಕೇಳಿತು, ಅವನೊಬ್ಬ ಕೇಳಲಿಲ್ಲ.

ತಿಥಿ ಮುಗಿದ ಮೇಲೆ ನಾನು ಹೋಗಿ ಅವಳ ಎಡಗೈ ಹಿಡಿದು ತಟ್ಟಲು ನೋಡಿದೆ. ಕೈ ಎಳೆದುಕೊಂಡಳು. ಬೇರೆ ಹಾಡು ಹಾಕಿ ನೋಡಿ ಎಂದು ಮಹ್ವಿಶ್ ಫೋನಿನಲ್ಲಿ ಹೇಳಿದಳು. ದೇವರ ಪದ ಹಾಕಿದೆ, ಜೋಗುಳ ಹಾಕಿದೆ, ಸಿನಿಮಾ ಹಾಡೂ ಹಾಕಿದೆ. ಕೇಳುತ್ತಾ ಕಣ್ಣೀರು ಹಾಕುವಳು, ತುಟಿ ಅಲ್ಲಾಡದು. ಹುಡುಗಿಯಾಗಿದ್ದಾಗಿನಿಂದ ಅವಳ ಬಾಯಿಗೆ ಹತ್ತಿದ್ದು ಅದೊಂದೇ ಧಾಟಿ. 'ಮನೆಯೊಳ್ಗೆ ಹಾಡ್ಕಳ್ಳಿ ಬುಡಕ್ಕ, ಯಾರ್ ಬ್ಯಾಡ ಅಂದ್ರು' ಎಂದು ನಟರಾಜು ಹೇಳಿದ. ಅವ್ವನೇ ಬೇಡ ಅನ್ನುತ್ತಿದ್ದಾಳೆ ಎಂಬುದು ಅವನಿಗೆ ಹೊಳೆಯಲಿಲ್ಲ.

ಕೊನೆಗೆ ನಾನು ವೆಂಕಟಲಕ್ಷ್ಮಮ್ಮನ ಮನೆಗೆ ಹೋಗಿ ಕಾಲು ಹಿಡಿಯುವುದೊಂದು ಬಾಕಿ ಇಟ್ಟೆ. ಅವಳು ಬಂದಳು. ಅಷ್ಟು ವರ್ಷದ ಮುನಿಸನ್ನು ಹೊಸ್ತಿಲ ಆಚೆಗೇ ಬಿಟ್ಟು ಬಂದಳು. ತಾನೇ ಬಾಗಿಲು ಹಾಕಿ, ಮೊದಲಿನ ಹಾಗೆ ಗೌರಕ್ಕನ ಎಡಗಡೆ ಕೂತು, ಅವಳ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. 'ಯಾರೂ ಇಲ್ಲ ಕಣೆ ಗೌರಿ, ನಾವೇಯ. ನಾನೂ ನಿನ್ನಂಗೇ ಆದೋಳು. ಎತ್ಕ' ಅಂದಳು. ಸಣ್ಣ ದನಿಯಲ್ಲಿ 'ಮಾವಿನ ಚಪ್ಪರದಡಿ' ಎಂದು ಸಾಲೆತ್ತಿ, ಮುಂದಿನದನ್ನು ಇವಳಿಗೆ ಬಿಟ್ಟು ಕಾದಳು.

ಗೌರಕ್ಕನ ಕಣ್ಣು ಅರಳಿತು. ಬೆರಳು ಒಂದು ಸಲ ತಟ್ಟಿತು. ತುಟಿ 'ಯಾ' ಎಂದು ತೆರೆದುಕೊಂಡಿದ್ದನ್ನು ನಾನು ಕಂಡೆ. ಅಷ್ಟರಲ್ಲಿ ಅವಳು ಬಳೆಯಿಲ್ಲದ ತನ್ನ ಕೈ ನೋಡಿಕೊಂಡಳು. ಆ ಕೈ ಮೇಲೆದ್ದು, ಇನ್ನೊಮ್ಮೆ ಸಾಲೆತ್ತಲು ಹೊರಟಿದ್ದ ವೆಂಕಟಲಕ್ಷ್ಮಮ್ಮನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿತು.

ವೆಂಕಟಲಕ್ಷ್ಮಮ್ಮ ಆ ಕೈಯನ್ನು ತೆಗೆಯಲಿಲ್ಲ. ಇಬ್ಬರೂ ಹಾಗೇ ಕೂತಿದ್ದರು. ನಾನು ಹೋಗಿ ಬಾಗಿಲು ತೆಗೆದೆ.